‘ಸಾರಿ’ಗೆ ಒಂದು ಪ್ರಾಸ

ಗಂಗಾಧರಯ್ಯನವರನ್ನು ಯಾರಾದರೂ ಗುಮಾಸ್ತರು ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಗುಮಾಸ್ತರಾಗಿ ಸೇರಿದ್ದು ನಿಜ, ಆದರೆ ನಿವೃತ್ತರಾದದ್ದು ಸೆಕ್ಷನ್ ಆಫೀಸರ್ ಆಗಿ. ಹಾಲಿನವನಿಂದ ಹಿಡಿದು ವಿಜಯನಗರದ ಪಾರ್ಕಿನ ವಾಕಿಂಗ್ ಗೆಳೆಯರವರೆಗೆ ಎಲ್ಲರಿಗೂ ಅದನ್ನು ತಿದ್ದಿ ಹೇಳಿದ್ದರು. ಅವರಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಮೂವತ್ತಾರು ವರ್ಷದ ಸರ್ವಿಸಿನಲ್ಲಿ ಒಮ್ಮೆಯೂ ‘ತಪ್ಪಾಯಿತು’ ಎಂದು ಬರೆದುಕೊಟ್ಟವರಲ್ಲ. ಮನೆಯಲ್ಲಿ ಬರೆದುಕೊಡಿ ಎಂದು ಯಾರೂ ಕೇಳಿರಲಿಲ್ಲ, ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಅದನ್ನೂ ಅವರು ಹೇಳಿರಲಿಲ್ಲ.

ಈಗ ಹನ್ನೊಂದು ದಿನಗಳಿಂದ ಹೆಂಡತಿ ಜಗದಾಂಬಾ ಅವರ ಜೊತೆ ಮಾತು ಬಿಟ್ಟಿದ್ದರು. ಹೇಳಬೇಕಾದದ್ದನ್ನೆಲ್ಲ ಮೊಮ್ಮಗಳು ಶಿವರಂಜನಿಯ ಮೂಲಕ ಹೇಳಿಸುತ್ತಿದ್ದರು. ಅವಳು ಕಾಲೇಜಿಗೆ ಹೋಗಿದ್ದಾಗ ಫ್ರಿಜ್ಜಿಗೆ ಹೇಳುತ್ತಿದ್ದರು. “ರೊಟ್ಟಿ ಆರ್ತಾ ಇದೆ, ತಿನ್ನೋರು ತಿನ್ನಬಹುದು” ಎಂದು ಫ್ರಿಜ್ಜಿಗೆ ಹೇಳಿದ್ದನ್ನು ಕೇಳಿಸಿಕೊಂಡು ಗಂಗಾಧರಯ್ಯನವರು ಬಂದು ಊಟಕ್ಕೆ ಕೂರುತ್ತಿದ್ದರು.

ಆಗಿದ್ದಿಷ್ಟೇ. ಮದುವೆಯ ಐವತ್ತನೇ ವರ್ಷಕ್ಕೆ ನೆಂಟರು ಬರುತ್ತಾರೆಂದು ಗಂಗಾಧರಯ್ಯನವರು ಅಟ್ಟ ಹತ್ತಿ, ಆಫೀಸಿನ ಪದ್ಧತಿಯಂತೆ ಹಳೆಯ ಕಾಗದಪತ್ರಗಳನ್ನೆಲ್ಲ ವಿಲೇವಾರಿ ಮಾಡಿದ್ದರು. ಆ ಮೂಟೆಯಲ್ಲಿ ಜಗದಾಂಬಾ ಅವರ ರಟ್ಟಿನ ಪುಸ್ತಕವೂ ಫಕೀರೇಶನ ಹಳೇ ಪೇಪರ್ ಅಂಗಡಿಗೆ ಹೋಗಿಬಿಟ್ಟಿತ್ತು. ಅದು ಒಡಪಿನ ಪುಸ್ತಕ. ದಾವಣಗೆರೆ ಕಡೆಯ ಅವರ ಮನೆತನದಲ್ಲಿ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ಯಾರಾದರೂ ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳು’ ಎಂದು ಕಾಡಿದಾಗ ಮಾತ್ರ, ಪ್ರಾಸ ಕಟ್ಟಿ, ಕೊನೆಯಲ್ಲಿ ಆ ಹೆಸರನ್ನಿಟ್ಟು ಒಡಪು ಹೇಳಬೇಕು. ಜಗದಾಂಬಾ ಒಮ್ಮೆ ಹೇಳಿದ ಒಡಪನ್ನು ಮತ್ತೆ ಹೇಳಿದವರಲ್ಲ. ಪ್ರತಿಯೊಂದನ್ನೂ ಯಾರ ಮದುವೆ, ಯಾವ ಊರು ಎಂಬ ವಿವರ ಸಮೇತ ಬರೆದಿಟ್ಟಿದ್ದರು.

“ಒಂದು ಹಳೇ ಪುಸ್ತಕಕ್ಕೆ ಇಷ್ಟೊಂದಾ?” ಎಂದು ಗಂಗಾಧರಯ್ಯ ಮೊಮ್ಮಗಳ ಮುಂದೆ ಗೊಣಗಿದರು.

“ಅಜ್ಜ, ಅದರಲ್ಲಿ ಪ್ರತಿಯೊಂದು ಒಡಪಿನ ಕೊನೆಗೂ ನಿಮ್ಮ ಹೆಸರೇ ಇತ್ತು. ಅಜ್ಜಿ ನಿಮ್ಮ ಹೆಸರು ಹೇಳ್ತಿದ್ದದ್ದೇ ಅಲ್ಲಿ. ನೀವು ನಿಮ್ಮನ್ನೇ ರದ್ದಿಗೆ ಹಾಕಿದ್ರಿ.”

ಗಂಗಾಧರಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ಅದೇ ಸಮಯ ನೋಡಿ ಶಿವರಂಜನಿ ಆಜ್ಞೆ ಹೊರಡಿಸಿದಳು. ಭಾನುವಾರದ ಸಮಾರಂಭದಲ್ಲಿ ಎಲ್ಲರೆದುರು ಅಜ್ಜ ಅಜ್ಜಿಯ ಹೆಸರಿಟ್ಟು ಒಂದು ಒಡಪು ಹೇಳಬೇಕು. ಒಡಪು ಕನ್ನಡದಲ್ಲೇ ಇರಬೇಕು, ಕೊನೆಯ ಪದ ಮಾತ್ರ ‘ಸಾರಿ’.

“ಅದ್ಯಾಕೆ ಇಂಗ್ಲಿಷು?”

“ಕನ್ನಡದಲ್ಲಿ ಐವತ್ತು ವರ್ಷದಿಂದ ಬಂದಿಲ್ವಲ್ಲ. ಇಂಗ್ಲಿಷಲ್ಲಾದ್ರೂ ಬರುತ್ತೇನೋ ನೋಡೋಣ.”

ಗಂಗಾಧರಯ್ಯನವರು ಜೀವಮಾನದಲ್ಲಿ ಒಡಪು ಹೇಳಿದವರಲ್ಲ. ತಮ್ಮ ಮದುವೆಯ ದಿನ ಅಕ್ಕ ಹಾಲವ್ವ ‘ನೀನೂ ಹೆಂಡತಿಯ ಹೆಸರು ಹೇಳು’ ಎಂದು ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತಾಗ, ಆ ಕೈಯ ಕೆಳಗೆ ನುಸುಳಿ ಒಳಗೆ ಓಡಿದ್ದರು. ಮದುಮಗಳು ಮಾತ್ರ ಹೊಸಿಲಲ್ಲಿ ಒಬ್ಬಳೇ ನಿಂತು ತನ್ನ ಪಾಲಿನ ಒಡಪನ್ನು ಹೇಳಿ ಬಂದಿದ್ದಳು. ಅದು ಯಾರಿಗೂ ಮರೆತಿರಲಿಲ್ಲ, ಹಾಲವ್ವನಿಗಂತೂ ಖಂಡಿತ ಮರೆತಿರಲಿಲ್ಲ.

ಪ್ರಾಸ ಹುಡುಕಿಕೊಡುವ ಆಪ್ ಒಂದಿದೆಯೆಂದು ಪಾರ್ಕಿನ ಗೆಳೆಯರೊಬ್ಬರು ಹೇಳಿದರು. ಗಂಗಾಧರಯ್ಯ ಕನ್ನಡಕ ಏರಿಸಿಕೊಂಡು ಫೋನಿನಲ್ಲಿ ಕೇಳಿದರು. ‘ಸಾರಿ’ಗೆ ಪ್ರಾಸವಾಗಿ ಫೋನು ಕೊಟ್ಟದ್ದು ಎರಡು ಪದ, ‘ಲಾರಿ’ ಮತ್ತು ‘ಕ್ವಾರಿ’. ಇಲ್ಲೇನು ದಾಂಪತ್ಯದ ವಿಷಯವೋ, ಜಲ್ಲಿ ಸಾಗಿಸುವ ವಿಷಯವೋ ಎಂದು ರೇಗಿ ಅವರು ಫೋನನ್ನು ಜೇಬಿಗಿಟ್ಟರು. ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ತಮ್ಮದೇ ಪಟ್ಟಿ ಮಾಡಿದರು. ಕನ್ನಡದಲ್ಲಿ ಪ್ರಾಸಕ್ಕೇನು ಬರವೇ? ತರಕಾರಿ, ಸವಾರಿ, ಉಸ್ತುವಾರಿ, ಅಧಿಕಾರಿ ಎಂದು ಬಿಲ್ಲು ತುಂಬಿಹೋಯಿತು. ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು ಓದಿದರು.

“ದಿನಾ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ತಂದೆ ತರಕಾರಿ, ನಾನೊಬ್ಬ ಪ್ರಾಮಾಣಿಕ ನಿವೃತ್ತ ಅಧಿಕಾರಿ, ಜಗದಾಂಬಾ, ಸಾರಿ.”

“ಅಜ್ಜ, ಇದು ಬಯೋಡೇಟಾ. ಯಾತಕ್ಕೆ ಸಾರಿ ಅಂತ ಎಲ್ಲಿದೆ ಇದರಲ್ಲಿ?”

“ಅದೂ ಹೇಳಬೇಕಾ?”

“ಅದನ್ನೇ ಹೇಳಬೇಕು.”

ಯಾತಕ್ಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಪುಸ್ತಕ ವಾಪಸ್ ಸಿಕ್ಕಿಬಿಟ್ಟರೆ ಸಾರಿಯೂ ಬೇಡ, ಪ್ರಾಸವೂ ಬೇಡ ಎಂಬ ಆಸೆಯಿಂದ ಮರುದಿನ ಬೆಳಗ್ಗೆಯೇ ಫಕೀರೇಶನ ಅಂಗಡಿಗೆ ಹೋದರು. ಫಕೀರೇಶ ತಕ್ಕಡಿಯ ಮುಂದಿನಿಂದ ಎದ್ದು ಬಂದ.

“ಎರಡು ವಾರ ಆಗ್ತಾ ಬಂತಲ್ಲ ಸಾರ್. ಲೋಡ್ ಹೋಯ್ತು, ಲಾರಿ ಹೊರಟು ನಾಕು ದಿನ ಆಯ್ತು.”

“ಎಲ್ಲಿಗೆ?”

“ಮಿಲ್ಲಿಗೆ. ಎಲ್ಲ ನೆನೆಸಿ ಅರೆದು ರಟ್ಟು ಮಾಡ್ತಾರೆ.”

ಗಂಗಾಧರಯ್ಯ ಅಲ್ಲೇ ಒಂದು ಪೇಪರ್ ಕಟ್ಟಿನ ಮೇಲೆ ಕುಕ್ಕರಿಸಿದರು. ನಾಲ್ಕು ದಿನದ ಹಿಂದೆ ಬಂದಿದ್ದರೆ ಸಿಗುತ್ತಿತ್ತು. ಆಗ ಯಾಕೆ ಬರಲಿಲ್ಲ? ಬಂದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತಿತ್ತು, ಅದಕ್ಕೇ ಬರಲಿಲ್ಲ. ಐವತ್ತು ವರ್ಷ ಒಬ್ಬಳು ಮದುವೆ ಮದುವೆಗೂ ಕೂತು ಗಂಡನ ಹೆಸರಿಗೆ ಪ್ರಾಸ ಹುಡುಕಿದ್ದಳು. ತಾನು ಅದರ ಒಂದು ಪುಟವನ್ನೂ ಬಿಡಿಸಿ ನೋಡಿರಲಿಲ್ಲ. ಅವರಿಗೆ ನಿಜಕ್ಕೂ ದುಃಖವಾಯಿತು.

“ತಪ್ಪಾಯ್ತು ಕಣಯ್ಯ” ಎಂದರು.

“ನನಗ್ಯಾಕೆ ಹೇಳ್ತೀರಾ ಸಾರ್?” ಎಂದ ಫಕೀರೇಶ ಗಾಬರಿಯಾಗಿ.

ಅದೂ ಸರಿಯೇ ಎಂದುಕೊಂಡು ಗಂಗಾಧರಯ್ಯ ಎದ್ದು ಮನೆಗೆ ನಡೆದರು.

ಭಾನುವಾರ ಮನೆ ತುಂಬ ಜನ. ಉಲ್ಲಾಳದಿಂದ ಎಂಬತ್ತೆರಡರ ಹಾಲವ್ವನೂ ಬಂದಿದ್ದಳು. ಒಳಗೆ ಹೋಳಿಗೆ ಬೇಯುವ ಘಮ ಹಬ್ಬಿತ್ತು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಹಾಲವ್ವ ಊಟದ ಕೋಣೆಯ ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟಳು.

“ಗಂಗಾಧರ, ಅವತ್ತು ನನ್ನ ಕೈ ಕೆಳಗೆ ನುಸುಳಿ ಓಡಿದ್ದೆ. ಈಗ ನುಸುಳು ನೋಡೋಣ, ನಿನ್ನ ಸೊಂಟ ಬಗ್ಗೋದಾದ್ರೆ. ಹೆಸರು ಹೇಳ್ದೆ ಹೋಳಿಗೆ ಇಲ್ಲ.”

ಎಲ್ಲರೂ ಹೋ ಎಂದು ನಕ್ಕರು. ಜಗದಾಂಬಾ ಮಾತ್ರ ಒಳಗೆ, ತುಪ್ಪದ ಗಿಂಡಿ ಹಿಡಿದು, ಇತ್ತ ಬೆನ್ನು ಮಾಡಿ ನಿಂತಿದ್ದರು. ಗಂಗಾಧರಯ್ಯ ಜೇಬಿಗೆ ಕೈ ಹಾಕಿದರು. ಕರೆಂಟ್ ಬಿಲ್ಲು ಇನ್ನೊಂದು ಅಂಗಿಯ ಜೇಬಿನಲ್ಲಿ ಉಳಿದಿತ್ತು. ಬೇರೆ ದಾರಿಯಿಲ್ಲದೆ, ಆ ಬೆನ್ನನ್ನೇ ನೋಡುತ್ತ, ಒಂದೊಂದೇ ಸಾಲು ಹೇಳತೊಡಗಿದರು.

“ಅಟ್ಟ ಹತ್ತಿ ಮಾಡಿಬಿಟ್ಟೆ ನಿನ್ನ ಪುಸ್ತಕ ವಿಲೇವಾರಿ,
ಹುಡುಕಿಕೊಂಡು ಹೋಗೋ ಹೊತ್ತಿಗೆ ಹೊರಟೇಹೋಗಿತ್ತು ಲಾರಿ,
ಐವತ್ತು ವರ್ಷದಲ್ಲಿ ನಾನು ತಪ್ಪಿದ್ದು ಇದೊಂದೇ ಅಲ್ಲ ದಾರಿ,
ಹೊಸಿಲಲ್ಲಿ ಒಬ್ಬಳೇ ಬಿಟ್ಟು ಓಡಿದ್ದಕ್ಕೂ ಸೇರಿಸಿ, ಜಗದಾಂಬಾ, ಸಾರಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಜಗದಾಂಬಾ ಅವರನ್ನೇ ನೋಡುತ್ತಿದ್ದರು. ಅವರು ನಿಧಾನವಾಗಿ ತಿರುಗಿದರು, ಸೆರಗಿನಿಂದ ಮುಖ ಒರೆಸಿಕೊಂಡರು, ಗಿಂಡಿಯನ್ನು ಶಿವರಂಜನಿಯ ಕೈಗೆ ಕೊಟ್ಟರು.

“ಕೊನೆ ಸಾಲು ಉದ್ದ ಆಯ್ತು” ಎಂದರು. ಅದನ್ನು ಫ್ರಿಜ್ಜಿಗೆ ಹೇಳಲಿಲ್ಲ, ಗಂಡನ ಮುಖ ನೋಡಿಯೇ ಹೇಳಿದರು. ಆಮೇಲೆ ಬಾಗಿಲ ಹತ್ತಿರ ಬಂದು, ಹಾಲವ್ವನ ಕುರ್ಚಿಯ ಬೆನ್ನಿಗೆ ಕೈಯೂರಿ, ಒಂದು ಗಳಿಗೆಯೂ ಯೋಚಿಸದೆ ಶುರುಮಾಡಿದರು.

“ಲಾರಿ ಹೋದ್ರೆ ಹೋಗ್ಲಿ, ಕಟ್ಟಿದವಳು ಇಲ್ಲೇ ಇದೀನಯ್ಯ,
ನಾಳೆ ಬೆಳಗ್ಗೆ ಎದ್ದು ಒಂದು ಹೊಸಾ ಪುಸ್ತಕ ತರಬೇಕಯ್ಯ,
ಒಂದೊಂದೇ ನಾನು ನೆನಸ್ಕೊಂಡು ಹೇಳೋಕೆ ತಯಾರಯ್ಯ,
ಕೂತು ಬರ್ಕೊಳ್ಳೋ ಗುಮಾಸ್ತರು ನಮ್ಮನೆ ಗಂಗಾಧರಯ್ಯ.”

ಈಗ ಚಪ್ಪಾಳೆ ಬಿತ್ತು, ಶಿಳ್ಳೆಯೂ ಬಿತ್ತು. ಹಾಲವ್ವ ಕುರ್ಚಿ ಸರಿಸಿ ದಾರಿ ಬಿಟ್ಟಳು. ‘ಗುಮಾಸ್ತರು’ ಎಂಬ ಮಾತನ್ನು ಅಜ್ಜ ಈಗ ತಿದ್ದುತ್ತಾರೆ ಎಂದು ಶಿವರಂಜನಿ ಕಾದಳು. ಗಂಗಾಧರಯ್ಯ ಮೂಗೊರೆಸಿಕೊಂಡು ಎಲೆಯ ಮುಂದೆ ಕೂತರು.

ಸೋಮವಾರ ಬೆಳಗ್ಗೆ ಸ್ಟೇಷನರಿ ಅಂಗಡಿ ಬಾಗಿಲು ತೆರೆಯುವಾಗಲೇ ಅವರು ಅಲ್ಲಿದ್ದರು. ದಪ್ಪ ರಟ್ಟಿನ, ಗೆರೆ ಹಾಕಿದ ಪುಸ್ತಕವೇ ಬೇಕೆಂದು ನಾಲ್ಕೈದು ತೆಗೆಸಿ ನೋಡಿದರು.

“ಮೊಮ್ಮಗಳಿಗಾ ಸಾರ್?” ಎಂದ ಅಂಗಡಿಯವನು.

“ಇಲ್ಲಪ್ಪ, ನನಗೇ. ಒಂದು ಕಡೆ ಗುಮಾಸ್ತನ ಕೆಲಸ ಸಿಕ್ಕಿದೆ” ಎಂದು ಗಂಗಾಧರಯ್ಯ ಪೆನ್ನಿನ ಡಬ್ಬಿಯತ್ತ ಕೈ ಚಾಚಿದರು.