ಆರ್ಲೊನಿಗೆ ಮೂರು ನಿಮಿಷ

ಆರ್ಲೊ ತಿಬೊ ರಸ್ತೆಬದಿಯ ತನ್ನ ಹುಲ್ಲಿನ ಬಂಡಿಯ ಮೇಲೆ ಹಲಗೆ ನಿಲ್ಲಿಸಿ ಊರವರನ್ನು ಬಯ್ಯಲು ಶುರುಮಾಡಿ ಆರು ವರ್ಷವಾಗಿತ್ತು. ವಾರಕ್ಕೊಂದು ಬೈಗುಳ, ಸೋಮವಾರ ಬೆಳಿಗ್ಗೆ ಹೊಸ ಬಣ್ಣ. ಹಿಮ ತೆಗೆಯುವವರು, ಶಾಲೆಯವರು, ಪಾದ್ರಿ, ಯಾರನ್ನೂ ಬಿಟ್ಟವನಲ್ಲ. ಬೇರೆಯವರ ಸರದಿ ಬಂದಾಗ ಯೂನಿಸ್ ಕಿಂಬಲ್ ಕಾರು ನಿಧಾನ ಮಾಡಿ, ಓದಿ, ಒಬ್ಬಳೇ ನಕ್ಕು ಮುಂದೆ ಹೋಗುತ್ತಿದ್ದಳು. ಜನವರಿಯಲ್ಲಿ ಅವಳ ಸರದಿಯೇ ಬಂತು: "ಯೂನಿಸ್ ಕೈಯ ಸುತ್ತಿಗೆ ಮರದ್ದು. ತಲೆಯೂ ಅದೇ ಮರದ್ದು." ಅಂದಿನಿಂದ ಅವಳಿಗೆ ಊರಿನ ಅಂದಚೆಂದದ ಬಗ್ಗೆ ಇನ್ನಿಲ್ಲದ ಕಾಳಜಿ ಹುಟ್ಟಿಕೊಂಡಿತು.

ಅಮೆರಿಕದ ವರ್ಮಾಂಟ್ ರಾಜ್ಯದ ಪೆಟ್ಟಿಬ್ರೂಕ್ ಎಂಬ ಆ ಊರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರೆಲ್ಲ ಶಾಲೆಯ ಜಿಮ್‌ನಲ್ಲಿ ಸೇರಿ, ರಸ್ತೆಯಿಂದ ಹಿಡಿದು ನಾಯಿಯವರೆಗೆ ಎಲ್ಲವನ್ನೂ ಕೈ ಎತ್ತಿ ತೀರ್ಮಾನಿಸುತ್ತದೆ. ಆ ಸಭೆಗೆ ಹತ್ತೊಂಬತ್ತು ವರ್ಷದಿಂದ ಯೂನಿಸ್ ಅಧ್ಯಕ್ಷೆ. ಸುತ್ತಿಗೆ ಅವಳದು, ಗಡಿಯಾರ ಅವಳದು, ಒಬ್ಬೊಬ್ಬರಿಗೆ ಮೂರು ನಿಮಿಷ. ಯಾರ ಮಾತಿಗೆ ಯಾರು ಅಡ್ಡ ಬಂದರೂ ಸುತ್ತಿಗೆ ಬೀಳುತ್ತಿತ್ತು. ಸ್ವಂತ ಅಣ್ಣನನ್ನೇ ಒಮ್ಮೆ ಹೊರಗೆ ಕಳಿಸಿದ್ದಳು. ಆದರೆ ಅಧ್ಯಕ್ಷೆ ಯಾರ ಕಡೆಗೂ ವಾಲುವಂತಿಲ್ಲ, ತನ್ನ ಅಭಿಪ್ರಾಯ ಹೇಳುವಂತಿಲ್ಲ. ಹತ್ತೊಂಬತ್ತು ವರ್ಷದ ಅಭಿಪ್ರಾಯಗಳನ್ನು ಅವಳು ಸಭೆಯಲ್ಲಿ ಹಂಚುವ ಡೋನಟ್ ಜೊತೆ ನುಂಗಿದ್ದಳು.

ಅಂಥವಳು ಜನವರಿಯಲ್ಲಿ ಊರ ಮಂಡಳಿಯ ಮಿಲ್ಟನ್ ಫಾರ್ ಮನೆಗೆ ಹೋಗಿ, ಅವನ ಅಡುಗೆಮನೆಯಲ್ಲಿ ಕೂತು, ಮಾರ್ಚ್ ಸಭೆಯ ಮುಂದಿಡಲೆಂದು ಲಕೋಟೆಯ ಹಿಂಬದಿಯಲ್ಲಿ ಒಂದು ಕಾನೂನು ಬರೆದುಕೊಟ್ಟಳು. ಎರಡಡಿಗಿಂತ ದೊಡ್ಡ ಹಲಗೆಗೆ ಮಂಡಳಿಯ ಅನುಮತಿ ಬೇಕು. ಆರ್ಲೊನ ಹೆಸರಿರಲಿಲ್ಲ. ಇರುವ ಅಗತ್ಯವೂ ಇರಲಿಲ್ಲ.

ಸಭೆಯ ದಿನ ಆರ್ಲೊ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಅದು ಪರವೂರಿನವರ ಬೆಂಚು. ಹೋದ ವರ್ಷ ಗಡಿ ಅಳೆದಾಗ ಅವನ ಅಡುಗೆಮನೆಯೂ ಬಂಡಿಯೂ ಪೆಟ್ಟಿಬ್ರೂಕ್‌ನಲ್ಲಿ ಉಳಿದವು, ಮಂಚ ಮಾತ್ರ ಪಕ್ಕದ ಊರಿಗೆ ಹೋಯಿತು. ಮಲಗುವ ಊರಲ್ಲೇ ಮತ. ನಲವತ್ತು ವರ್ಷ ಇಲ್ಲಿ ಕೈ ಎತ್ತಿದವನು ಈಗ ಬಾಯಿ ತೆರೆಯಬೇಕಾದರೂ ಸಭೆಯ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು.

"ನನ್ ಬಂಡಿ ವಿಷ್ಯ, ನಾನು ಮಾತಾಡ್ಬೇಕು," ಎಂದ ಆರ್ಲೊ. "ಈ ಕಾನೂನು ಯಾರ ಅಡುಗೆ ಅಂತ ಗೊತ್ತು ನಂಗೆ. ಕಸ ಹಾಕೋ ಜಾಗದಲ್ಲಿ ಶನಿವಾರ ಒಬ್ರು ಎಲ್ಲಾ ಬಾಯ್ಬಿಟ್ರು."

ಮಿಲ್ಟನ್ ತನ್ನ ಬೂಟು ನೋಡಿಕೊಂಡ. ಯೂನಿಸ್‌ಗೆ ಅರ್ಥವಾಯಿತು. ಇವನು ಬಾಯಿ ತೆರೆದರೆ ತನ್ನ ಹತ್ತೊಂಬತ್ತು ವರ್ಷದ ಕುರ್ಚಿ ಇವತ್ತೇ ಹೋಯಿತು.

ಅವನು ಮಾತಾಡುವ ಅನುಮತಿಗೆ ಕೈ ಎತ್ತಿಸಿದಳು. ಊರ ಗುಮಾಸ್ತೆ ಡೋರ್ಕಸ್ ಸಾಲುಸಾಲಾಗಿ ಎಣಿಸಿದಳು. ಕೊಡಿ ಎಂದವರು ಇಪ್ಪತ್ತೇಳು, ಬೇಡ ಎಂದವರು ಹದಿನಾಲ್ಕು.

"ಸಾಲ್ದು," ಎಂದು ಡೋರ್ಕಸ್ ಬಂದು ಯೂನಿಸ್‌ಳ ಕಿವಿಯಲ್ಲಿ ಹೇಳಿದಳು. "ಒಂದು ಕಮ್ಮಿ. ನಿನ್ ಮತದಿಂದ ಫಲ ಬದಲಾಗೋ ಹಾಗಿದ್ರೆ ನೀನೂ ಹಾಕ್ಬಹುದು. ಹಾಕ್ಲೇಬೇಕು ಅಂತೇನಿಲ್ಲ."

ಆ ಜಿಮ್‌ನಲ್ಲಿ ಮೂರರಲ್ಲಿ ಎರಡು ಪಾಲು ಎಂದರೆ ಎಷ್ಟೆಂದು ಲೆಕ್ಕ ಹಾಕಬಲ್ಲವರು ಡೋರ್ಕಸ್ ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಯೂನಿಸ್‌ಳನ್ನು ಮೀರಿಸಿದವರೂ ಇರಲಿಲ್ಲ. ಅವಳು ಆರ್ಲೊನ ಕಡೆ ನೋಡಿದಳು. ಅವನು ಆಗಲೇ ಟೋಪಿ ಕೈಗೆತ್ತಿಕೊಂಡು ಮನೆಗೆ ಹೊರಡುವವನಂತೆ ಕೂತಿದ್ದ. ಆ ಮುದುಕನ ಬಾಯಿಗೆ ಬೀಗ ಜಡಿದವಳು ತಾನೇ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವನ ಮೇಲಿನ ಸಿಟ್ಟೇನೂ ಇಳಿಯಲಿಲ್ಲ.

"ಅಧ್ಯಕ್ಷೆಯ ಮತ, ಕೊಡಿ ಅಂತ," ಎಂದಳು. "ಇಪ್ಪತ್ತೆಂಟಾಯ್ತು. ಆರ್ಲೊ, ಮೂರು ನಿಮಿಷ."

ಆರ್ಲೊ ಅರ್ಧ ನಿಮಿಷದಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಅಡುಗೆಮನೆ, ಲಕೋಟೆ, ಅವಳ ಕೈಬರಹ. "ಸುಳ್ಳಾದ್ರೆ ಸುಳ್ಳು ಅನ್ನು ಯೂನಿಸ್."

"ನಿಜ," ಎಂದಳು. "ಗಡಿಯಾರ ಓಡ್ತಿದೆ, ಮುಂದುವರ್ಸು."

ಅವಳು ಇಲ್ಲ ಎನ್ನುತ್ತಾಳೆ, ಉಳಿದ ಸಮಯವನ್ನು ಜಗಳದಲ್ಲಿ ಕಳೆಯಬಹುದು ಎಂದುಕೊಂಡು ಬಂದಿದ್ದ ಆರ್ಲೊ ಕಕ್ಕಾಬಿಕ್ಕಿಯಾದ. ಸರಕು ಮುಗಿದಿತ್ತು. ಸಿಕ್ಕಿದ ಸಮಯವನ್ನು ಬಿಡುವ ಜಾತಿಯವನೂ ಅಲ್ಲ ಅವನು. ಅವಳ ಸೇಬಿನ ಪೈ ತಿಂದು ಹಲ್ಲು ಸಡಿಲವಾದದ್ದನ್ನು ಹೇಳಿದ. ಚರ್ಚಿನಲ್ಲಿ ಅವಳು ಹಾಡಲು ಶುರುಮಾಡಿದರೆ ತನ್ನ ಹಸು ಹಾಲು ಕೊಡದೆ ಏರಿಸಿಕೊಳ್ಳುತ್ತದೆ ಎಂದ. ಜನ ಮೊದಲು ಕೆಮ್ಮಿದರು, ಆಮೇಲೆ ನಾಚಿಕೆ ಬಿಟ್ಟು ನಕ್ಕರು. ಯೂನಿಸ್‌ಳ ಕಿವಿ ಕೆಂಪಾಗಿ ಉರಿಯುತ್ತಿತ್ತು.

ಮಿಲ್ಟನ್ ಎದ್ದು ನಿಂತ. "ಅಧ್ಯಕ್ಷರೇ, ಇದು ಅತಿಯಾಯ್ತು, ಕೂರ್ಸಿ ಅವನ್ನ."

ಸುತ್ತಿಗೆ ಬಿತ್ತು. "ಅವನ್ಗೆ ಇನ್ನೂ ನಲವತ್ತು ಸೆಕೆಂಡಿದೆ. ನೀನು ಕೂತ್ಕೊ ಮಿಲ್ಟನ್."

ಆ ನಲವತ್ತು ಸೆಕೆಂಡನ್ನು ಆರ್ಲೊ ಅವಳ ಟೋಪಿಗೆ ಮೀಸಲಿಟ್ಟ. ಮುಗಿದ ಕೂಡಲೇ ಯೂನಿಸ್ ಸುತ್ತಿಗೆಯನ್ನು ಡೋರ್ಕಸ್ ಕೈಗೆ ಕೊಟ್ಟಳು. "ಪಕ್ಷ ವಹಿಸ್ದೋಳು ಈ ಕುರ್ಚೀಲಿ ಕೂರ್ಬಾರ್ದು. ಇವತ್ತೂ ಅಷ್ಟೇ, ಇನ್ಮೇಲೂ ಅಷ್ಟೇ," ಎಂದಳು. ಯಾರೂ ಬೇಡ ಎನ್ನಲಿಲ್ಲ. ಒಬ್ಬರಾದರೂ ಅನ್ನಬಹುದು ಎಂದುಕೊಂಡಿದ್ದ ಅವಳಿಗೆ ಅದು ಚುಚ್ಚಿತು.

ಕೆಳಗಿಳಿದು ಮಡಚು ಕುರ್ಚಿಯೊಂದರಲ್ಲಿ ಎಲ್ಲರ ನಡುವೆ ಕೂತಳು. ಕೈಗೆ ಕೆಲಸವಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕೈ ತಾನಾಗಿ ಮೇಲೆದ್ದಿತು.

"ಯೂನಿಸ್ ಕಿಂಬಲ್," ಎಂದಳು ಡೋರ್ಕಸ್, ಸುತ್ತಿಗೆ ಹಿಡಿಯಲು ಬಾರದೆ ಒದ್ದಾಡುತ್ತ. "ಮೂರು ನಿಮಿಷ."

ಯೂನಿಸ್ ಎದ್ದು ನಿಂತು ಕೋಟಿನ ಗುಂಡಿ ಬಿಚ್ಚಿದಳು.

"ಈ ಕಾನೂನಿಗೆ ನನ್ ವಿರೋಧ ಇದೆ," ಎಂದಳು. "ಆ ಬಂಡಿ ಅಲ್ಲೇ ಇರ್ಲಿ. ಅವನೆಂಥ ಪೆದ್ದ ಅಂತ ದಾರೀಲಿ ಹೋಗೋರ್ಗೆ ಇನ್ ಹೇಗ್ ಗೊತ್ತಾಗ್ಬೇಕು. ಆರ್ಲೊ ವಿಷ್ಯ ಅಷ್ಟೇ. ಇನ್ನು ನಿಮ್ ವಿಷ್ಯ."

ಜಿಮ್‌ನಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದ ಹೆಂಗಸರ ಸೂಜಿಗಳೆಲ್ಲ ನಿಂತವು. ಯೂನಿಸ್ ಮೊದಲ ಸಾಲಿನ ಎಡತುದಿಯಿಂದ ಶುರುಮಾಡಿದಳು, ಮಿಲ್ಟನ್‌ನಿಂದ. ಹತ್ತೊಂಬತ್ತು ವರ್ಷದ್ದು ಬಾಕಿಯಿತ್ತು. ಮೂರು ನಿಮಿಷ ಏನೇನೂ ಸಾಲದು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.