ಕೆಂಪು ಬಟ್ಟೆಯ ಇನ್ನೊಂದು ತುಂಡು

ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದ ಬಟ್ಟೆ ಕೆಂಪಗಿತ್ತು. ಬಸ್ಸಿನಲ್ಲಿ ಬಂದ ಬಿಡಿಭಾಗಗಳ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಳಿಸಿದ ಲಿಯೋನಿ ಮೊದಲು ಆ ಬಟ್ಟೆಯನ್ನು ನೋಡಿದಳು, ಆಮೇಲೆ ರಿಪೇರಿ ಶೆಡ್ಡಿನ ನಡುವೆ ಡಾರ್ಸಿಯ ಗಾಡಿ ನಿಂತಿದ್ದ ಜಾಗವನ್ನು ನೋಡಿದಳು. ಗಾಡಿ ಇರಲಿಲ್ಲ. ಅಲ್ಲಿ ನೆಲ ತಣ್ಣಗಿದೆ ಎಂದು ನಾಯಿ ಹೋಗಿ ಮಲಗಿಕೊಂಡಿತ್ತು.

"ಡಾರ್ಸಿ ಎಲ್ಲಪ್ಪಾ?"

"ಹೋದ. ಕತ್ತಲಾಗೋದ್ರೊಳಗೆ ಬೇಲಿ ಹತ್ರದ ಗುಡಿಸಲು ಸೇರ್ಕೋಬೇಕು ಅಂತ ಆಗ್ಲೇ ಬಂದು ನೆಲದ ಮೇಲೆ ಕಾಲೂರದೆ ಕುಣೀತಿದ್ದ. ಹೋಗಿ ಊಟ ಮುಗಿಸ್ಕೊಂಡು ಬಾರಯ್ಯ ಅಂತ ಕಳಿಸಿ ನಾನೇ ಜೋಡಿಸ್ಬಿಟ್ಟೆ. ಉಳಿದಿದ್ದೇ ಎರಡು ಪೈಪು, ಅದಕ್ಕೆ ನೀನೇ ಬರ್ಬೇಕಾ?" ಅಪ್ಪ ಕನ್ನಡಕ ಏರಿಸಿಕೊಂಡು ನಕ್ಕ. ತನ್ನ ಕೈ ಇನ್ನೂ ಓಡುತ್ತದೆ ಎಂಬ ಸಂತೋಷ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಲಿಯೋನಿಯ ಕಣ್ಣು ಮತ್ತೆ ಆ ಬಟ್ಟೆಗೆ ಹೋಯಿತು.

ಆ ಶೆಡ್ಡಿನಲ್ಲಿ ಕೆಂಪು ಬಟ್ಟೆಯಿಂದ ಯಾರೂ ಏನನ್ನೂ ಒರೆಸುವಂತಿರಲಿಲ್ಲ. ಇಂಜಿನ್ನಿನ ಯಾವುದೇ ಬಾಯಿ ತೆರೆದರೂ ದೂಳು ಬೀಳದಂತೆ ಅದಕ್ಕೆ ಬಟ್ಟೆ ತುರುಕಬೇಕು. ತುರುಕಿದ್ದು ಮರೆತರೆ ಇಂಜಿನ್ ಹೋದಂತೆಯೇ. ಅದಕ್ಕೆಂದೇ ಕ್ಲೆಮ್ ಹ್ಯಾಡ್ರಿಕ್, ಅಂದರೆ ಇದೇ ಅಪ್ಪ, ಶೆಡ್ಡು ಹಾಕಿದ ಕಾಲದಲ್ಲೇ ಒಂದು ಕಟ್ಟಳೆ ಮಾಡಿದ್ದ. ಕೆಂಪು ಬಟ್ಟೆಯನ್ನು ಎರಡಾಗಿ ಹರಿಯಬೇಕು. ಒಂದು ತುಂಡು ಇಂಜಿನ್ನಿನ ಬಾಯಿಗೆ, ಇನ್ನೊಂದು ನೆನಪಿಗೆಂದು ಸ್ಟೀರಿಂಗಿಗೆ. ಕಟ್ಟಿದವರೇ ಬಿಚ್ಚಬೇಕು. ಬಿಚ್ಚಿದ ಮೇಲೆ ಎರಡು ತುಂಡನ್ನೂ ಬೆಂಚಿನ ಮೇಲೆ ಹಾಸಿ, ಹರಿದ ಅಂಚಿಗೆ ಅಂಚು ಕೂಡಿಸಿ ನೋಡಿ, ಆಮೇಲಷ್ಟೇ ಡ್ರಮ್ಮಿಗೆ ಎಸೆಯಬೇಕು. ಚಿಕ್ಕವಳಿದ್ದಾಗ ಲಿಯೋನಿ ಅಂಥ ಒಂದು ತುಂಡಿನಲ್ಲಿ ಮೂಗು ಒರೆಸಿಕೊಂಡಿದ್ದಕ್ಕೆ ಅಪ್ಪ ಇಡೀ ದಿನ ಮಾತು ಬಿಟ್ಟಿದ್ದ. ಅವನು ಕೆಲಸ ಮಾಡುವಾಗ ಅವಳು ಟಾರ್ಚು ಸರಿಯಾಗಿ ಹಿಡಿಯದಿದ್ದರೂ ಅಷ್ಟು ಸಿಟ್ಟಾಗುತ್ತಿರಲಿಲ್ಲ. ಟಾರ್ಚಿನದು ಬರೀ ಬೈಗುಳ: ನನ್ನ ಕಣ್ಣಿಗಲ್ಲ ಮಗಾ, ನಾನು ನೋಡೋ ಕಡೆಗೆ.

ಡಾರ್ಸಿಯದು ಹಳೆಯ ಡೀಸೆಲ್ ಗಾಡಿ. ಡಿಂಗೊ ಎಂಬ ಕಾಡುನಾಯಿಗಳು ಕುರಿಗಳ ಸೀಮೆಗೆ ನುಗ್ಗದಂತೆ ಮರಳುಗಾಡಿನ ಉದ್ದಕ್ಕೂ ಎಳೆದಿರುವ ತಂತಿಬೇಲಿಯನ್ನು ಕಾಯುವುದು ಅವನ ಕೆಲಸ. ಹರಿದಲ್ಲಿ ಹೊಲಿಯುತ್ತ, ಮರಳು ಮುಚ್ಚಿದಲ್ಲಿ ತೋಡುತ್ತ ಒಬ್ಬನೇ ದಿನಗಟ್ಟಲೆ ಹೋಗುತ್ತಾನೆ. ಇಂಜಿನ್ ಹೊರಗೆ ಬಿಡುವ ಎಣ್ಣೆಯ ಆವಿಯನ್ನು ಮತ್ತೆ ಅದೇ ಇಂಜಿನ್ ಉಸಿರಿನ ಜೊತೆ ಎಳೆದುಕೊಂಡು, ಒಳಗೆಲ್ಲ ಡಾಂಬರಿನಂಥ ಕೆಸರು ಕಟ್ಟಿಕೊಂಡಿತ್ತು. ನಡುವೆ ಒಂದು ಕ್ಯಾಚ್ ಟ್ಯಾಂಕ್ ಕೂರಿಸಿಕೊಡು, ಎಣ್ಣೆ ಅದರಲ್ಲೇ ಉಳಿದು ಬರೀ ಗಾಳಿ ಹೋಗಲಿ ಎಂದು ಅವನು ಕೇಳಿದ್ದ. ಬೆಳಿಗ್ಗೆಯಿಂದ ಲಿಯೋನಿ ಅದರಲ್ಲೇ ಇದ್ದಳು. ಬ್ಯಾಟರಿಯ ಪಕ್ಕ ಪಟ್ಟಿ ಬಿಗಿದು ಟ್ಯಾಂಕ್ ನಿಲ್ಲಿಸಿ, ಕೊಳೆ ಎಣ್ಣೆ ಇಳಿಸುವ ನಲ್ಲಿಯನ್ನು ಕೆಳಕ್ಕೆ ಎಳೆದಿದ್ದಳು. ಇಂಜಿನ್ನಿನ ತಲೆಯ ಮೇಲಿನ ಉಸಿರುಗೊಳವೆಯಿಂದ ಹಳೆಯ ಪೈಪು ಕಿತ್ತು, ಅದರ ಬಾಯಿಗೆ ಕೆಂಪು ತುಂಡನ್ನು ಬೆರಳಿನಿಂದ ಆಳಕ್ಕೆ ಒತ್ತಿದ್ದಳು. ಇನ್ನೊಂದು ತುಂಡನ್ನು ಸ್ಟೀರಿಂಗಿಗೆ ಕಟ್ಟಿ ಮುಗಿಸುವಷ್ಟರಲ್ಲಿ ಬಸ್ ಬಂದಿದೆ ಎಂದು ಹೆದ್ದಾರಿಯ ಪೆಟ್ರೋಲ್ ಬಂಕಿನವರು ಕರೆದರು. ನೀನು ಮುಟ್ಟಬೇಡ, ನಾನೇ ಬಂದು ಮುಗಿಸುತ್ತೇನೆ ಎಂದು ಅಪ್ಪನಿಗೆ ಹೇಳಿಯೇ ಹೋಗಿದ್ದಳು.

ಹೇಳಿದರೆ ಏನು ಬಂತು? ಕಳೆದ ಚಳಿಗಾಲದಿಂದ ಅಪ್ಪನ ತಲೆಯಲ್ಲಿ ಹೇಳಿದ ಮಾತು ನಿಲ್ಲುತ್ತಿರಲಿಲ್ಲ. ಕೈ ಮಾತ್ರ ಹಿಂದಿನಂತೆಯೇ ಓಡುತ್ತಿತ್ತು. ಚಕ್ರದ ನಟ್ಟು ಬಿಗಿಯದೆ ಗಾಡಿ ಇಳಿಸಿಬಿಟ್ಟಿರುತ್ತಿದ್ದ. ಶಾಲೆಯ ಬಸ್ಸಿನ ಎಣ್ಣೆ ಬದಲಿಸಿ, ಕೆಳಗಿನ ತಿರುಪನ್ನು ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದ. ಲಿಯೋನಿ ಯಾರಿಗೂ ಬಾಯಿ ಬಿಡಲಿಲ್ಲ. ಅಪ್ಪ ಮನೆಯೊಳಗೆ ಹೋದಮೇಲೆ ಅವನು ಮುಟ್ಟಿದ್ದನ್ನೆಲ್ಲ ಮತ್ತೆ ಬಿಚ್ಚಿ ನೋಡುತ್ತಿದ್ದಳು. ಎಲ್ಲ ಕೆಲಸವೂ ಎರಡೆರಡು ಸಲ. ಈಚೆಗೆ ಅವಳು ಊಟಕ್ಕೆ ಕೂತರೆ ತಟ್ಟೆ ಮುಂದೆಯೇ ಕಣ್ಣು ಕೂರುತ್ತಿತ್ತು. ಸಾಕಪ್ಪಾ ಸಾಕು ಅನಿಸುತ್ತಿತ್ತು. ಆದರೆ ಈ ಶೆಡ್ಡಿಗೆ ಇನ್ನು ಬರಬೇಡ ಎಂದು ಅಪ್ಪನಿಗೆ ಯಾವ ಬಾಯಲ್ಲಿ ಹೇಳುವುದು? ಶೆಡ್ಡು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಏನಿತ್ತು?

"ಒಳಗಿನ ತುಂಡು ತೆಗೆದ್ಯಾ ಅಪ್ಪಾ?" ಎಂದು ಆದಷ್ಟು ಹಗುರವಾಗಿ ಕೇಳಿದಳು.

ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ನೋಡುತ್ತಲೇ ಇದ್ದ. "ತೆಗೀದೆ ಇರ್ತೀನಾ? ಡ್ರಮ್ಮಲ್ಲಿರ್ಬೇಕು ನೋಡು" ಎಂದ.

ಅವಳು ಡ್ರಮ್ಮಿಗೆ ಕೈ ಹಾಕಿ ತಳದವರೆಗೂ ತಡಕಿದಳು. ಮಸಿ ಹಿಡಿದ ಬಿಳಿ ಚಿಂದಿ ಬಂತು, ರೊಟ್ಟಿಯ ಕಾಗದ ಬಂತು. ಕೆಂಪು ಬರಲಿಲ್ಲ. "ಹಾಂ, ಇದೆ ಬಿಡು" ಎಂದಳು. ಬಂಕಿನಲ್ಲಿ ಇನ್ನೊಂದು ಪೆಟ್ಟಿಗೆ ಮರೆತು ಬಂದೆ ಎಂದು ಸುಳ್ಳು ಹೇಳಿ, ಎಣ್ಣೆಯ ಡಬ್ಬವೊಂದನ್ನು ಎತ್ತಿಕೊಂಡು ತನ್ನ ಪಿಕಪ್ ಹತ್ತಿದಳು.

ಊರು ದಾಟಿದ ಮೇಲೆ ಕೆಮ್ಮಣ್ಣಿನ ದಾರಿ. ಎರಡೂ ಕಡೆ ಬೂದಿ ಬಣ್ಣದ ಕುರುಚಲು ಗಿಡ ಬಿಟ್ಟರೆ ನೆರಳೆಂಬುದಿಲ್ಲ. ಉಸಿರುಗೊಳವೆ ಮುಚ್ಚಿದ ಇಂಜಿನ್ ಮೊದಮೊದಲು ಚೆನ್ನಾಗಿಯೇ ಓಡುತ್ತದೆ, ಅದೇ ಅದರ ಮೋಸ. ಒಳಗಿನ ಒತ್ತಡ ಏರುತ್ತ ಏರುತ್ತ ಸಂದುಸಂದಿನಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಎಣ್ಣೆ ಮುಗಿದ ಇಂಜಿನ್ ಕಚ್ಚಿಕೊಂಡು ನಿಲ್ಲುವ ಹೊತ್ತಿಗೆ ಡಾರ್ಸಿ ಬೇಲಿಯ ಯಾವ ಮೂಲೆಯಲ್ಲಿರುತ್ತಾನೋ. ಅಲ್ಲಿ ಫೋನ್ ಇಲ್ಲ, ರೇಡಿಯೊ ಮುಟ್ಟುವುದಿಲ್ಲ, ಕೂಗಿದರೆ ಕೇಳುವವರಿಲ್ಲ, ವಾರದೊಳಗೆ ಅವನು ಬರಲಿಲ್ಲವೆಂದು ಹುಡುಕುವವರೂ ಇಲ್ಲ. ಇಂಥ ಬೇಸಿಗೆಯಲ್ಲಿ ಕೆಟ್ಟ ಗಾಡಿ ಬಿಟ್ಟು ನಡೆದು ಹೊರಟವರ ಗತಿ ಆ ಸೀಮೆಯ ಮಕ್ಕಳಿಗೂ ಗೊತ್ತು.

ಅವಳು ಗಾಡಿಯ ರೇಡಿಯೊದಲ್ಲಿ ಹತ್ತಿರದವರಿಗಷ್ಟೇ ಕೇಳುವ ಚಾನೆಲ್ಲಿನಲ್ಲಿ ಡಾರ್ಸಿಯನ್ನು ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು. ಬರೀ ಗರಗರ. ಗುಡ್ಡದ ಮೇಲಿನ ರೇಡಿಯೊ ಕಂಬದ ಮೂಲಕ ದೂರ ಹೋಗುವ ದೊಡ್ಡ ಚಾನೆಲ್ ಒಂದಿತ್ತು. ಡಾರ್ಸಿ ಬೇಲಿ ಸೇರುವ ಮೊದಲು ಅದರಲ್ಲಿ ಮಾತಾಡಿದರೆ ಅವನಿಗೆ ಖಂಡಿತ ಕೇಳುತ್ತದೆ. ಜೊತೆಗೆ ಸುತ್ತಿನ ಪ್ರತಿ ಲಾರಿಗೂ ಪ್ರತಿ ಅಡುಗೆಮನೆಗೂ ಕೇಳುತ್ತದೆ. ಶೆಡ್ಡಿನಲ್ಲೂ ಕೇಳುತ್ತದೆ. ಬೆಳಗಿನಿಂದ ಸಂಜೆವರೆಗೂ ಅಪ್ಪ ಆ ಚಾನೆಲ್ ಹಾಕಿಕೊಂಡೇ ಇರುತ್ತಿದ್ದ. ಸೀಮೆಗೆಲ್ಲ ಮೇಸ್ತ್ರಿಯಾಗಿದ್ದವನ ಮಾನವನ್ನು ಅವನ ಕಿವಿಯ ಮುಂದೆಯೇ ಹರಾಜು ಹಾಕುವುದಾ? ಇನ್ನೊಂದಿಷ್ಟು ದೂರ ನೋಡೋಣ, ಸಿಕ್ಕಿಯಾನು, ಎಂದು ಅವಳು ವೇಗ ಹೆಚ್ಚಿಸಿದಳು.

ಕುರಿಗಳು ಆಚೆ ಹೋಗದಂತೆ ದಾರಿಗಡ್ಡ ಹಾಕಿದ ಗೇಟು ಬಂತು. ಇಳಿದು ಅಗುಳಿ ತೆಗೆಯುವಾಗ ನೆಲ ನೋಡಿದಳು. ಡಾರ್ಸಿಯೂ ಗೇಟು ತೆಗೆಯಲು ಇಲ್ಲೇ ನಿಲ್ಲಿಸಿದ್ದ. ಚಕ್ರದ ಗುರುತುಗಳ ನಡುವೆ ಮಣ್ಣಿನ ಮೇಲೆ ಅಂಗೈಯಗಲ ಎಣ್ಣೆ ಬಿದ್ದಿತ್ತು, ಇನ್ನೂ ಹೀರಿಕೊಂಡಿರಲಿಲ್ಲ.

ಗೇಟು ಹಾಗೇ ಬಿಟ್ಟು ಬಂದು ಚಾನೆಲ್ ತಿರುಗಿಸಿ ಮೈಕು ಎತ್ತಿದಳು.

"ಡಾರ್ಸಿ, ಲಿಯೋನಿ ಮಾತಾಡ್ತಿರೋದು. ಎಲ್ಲಿದೀಯೋ ಅಲ್ಲೇ ನಿಲ್ಸು. ಇಂಜಿನ್ ಆಫ್ ಮಾಡು."

ಡಾರ್ಸಿಯ ಎಳೆದೆಳೆದ ದನಿ ಬಂತು. "ಯಾಕೆ ತಾಯಿ, ನನ್ನ ಬಿಟ್ಟಿರಕ್ಕಾಗ್ಲಿಲ್ವಾ?"

"ಆಫ್ ಮಾಡಿದ್ಯಾ?"

"ಮಾಡ್ದೆ. ಏನಾಯ್ತು ಹೇಳು."

ಅವಳು ಮೈಕಿನ ಗುಂಡಿ ಮತ್ತೆ ಒತ್ತಿದಳು. "ಉಸಿರುಗೊಳವೇಲಿ ಬಟ್ಟೆ ಉಳಿದುಬಿಟ್ಟಿದೆ. ನಾನು ತೆಗೆಯೋದು ಮರೆತೆ. ತಪ್ಪು ನಂದು."

"ನಿಂದಾ?" ಡಾರ್ಸಿ ಸಿಳ್ಳೆ ಹಾಕಿದ. "ಕೀಲಿ ಕೊಡೋವಾಗ ನಿಮ್ಮಪ್ಪ ಏನಂದ್ರು ಗೊತ್ತಾ? ನನ್ನ ಮಗಳ ಕೆಲ್ಸ ಇದು, ಕಣ್ಣು ಮುಚ್ಕೊಂಡು ಹೋಗು ಅಂದ್ರು."

"ಹಾಗೇ ಹೋಗಿದ್ರೆ ನೆಟ್ಟಗೆ ಸ್ವರ್ಗಕ್ಕೇ ಹೋಗ್ತಿದ್ದೆ ಬಿಡು" ಎಂದು ನಡುವೆ ಯಾವನೋ ಲಾರಿಯವನು ಬಾಯಿ ಹಾಕಿದ. ಯಾವುದೋ ಅಡುಗೆಮನೆಯಿಂದ ಒಬ್ಬ ಹೆಂಗಸು ನಕ್ಕಳು. ಕ್ಲೆಮ್ ಯಜಮಾನರ ಕೈಯಲ್ಲಾದರೆ ಇಂಥದ್ದು ಜನ್ಮಕ್ಕೂ ಆಗುತ್ತಿರಲಿಲ್ಲ ಎಂದು ಇನ್ನೊಬ್ಬ ತೀರ್ಪು ಕೊಟ್ಟ. ಈ ಸೀಮೆಯಲ್ಲಿ ಹೆಂಗಸೊಬ್ಬಳ ಕೈಗೆ ಇಂಜಿನ್ ಒಪ್ಪಿಸುವಂತೆ ಮಾಡಲು ಲಿಯೋನಿಗೆ ಅರ್ಧ ಆಯಸ್ಸು ಹಿಡಿದಿತ್ತು. ಆ ನಂಬಿಕೆ ಹೋಗಲು ಇಷ್ಟೇ ಹೊತ್ತು ಸಾಕಾಯಿತು. ಅವಳು ಮೈಕನ್ನು ಅದರ ಕೊಕ್ಕೆಗೆ ಸಿಕ್ಕಿಸಿ ಗಾಡಿ ಬಿಟ್ಟಳು.

ಡಾರ್ಸಿ ದಾರಿ ಪಕ್ಕ ಗಾಡಿಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬಾನೆಟ್ ಎತ್ತಿದಾಗ ಇಂಜಿನ್ನಿನ ಒಂದು ಮಗ್ಗುಲೆಲ್ಲ ಎಣ್ಣೆಯಿಂದ ಮಿರುಗುತ್ತಿತ್ತು. ಅವಳು ಕ್ಲಿಪ್ಪು ಸಡಿಲಿಸಿ ಪೈಪು ಎಳೆದಳು. ಅಪ್ಪ ಕೂರಿಸಿದ ಕ್ಲಿಪ್ಪು ಎಷ್ಟು ಬೇಕೋ ಅಷ್ಟೇ ಬಿಗಿಯಾಗಿ, ನೆಟ್ಟಗೆ ಕೂತಿತ್ತು. ಇಕ್ಕಳ ಹಾಕಿ ಜಗ್ಗಿದಾಗ ಎಣ್ಣೆಯಲ್ಲಿ ತೊಯ್ದ ತುಂಡು ಹೊರಬಂತು, ಹಿಂದೆಯೇ ಬಿಸಿ ಗಾಳಿ ಬುಸ್ಸೆಂದಿತು. ಪೈಪು ಮತ್ತೆ ಕೂರಿಸಿ, ಎಣ್ಣೆ ತುಂಬಿಸಿ, ಬಹಳ ಹೊತ್ತು ಇಂಜಿನ್ ಓಡಿಸಿ ನೋಡಿದಳು. ಎಲ್ಲಿಯೂ ಹನಿಯಲಿಲ್ಲ. ಟ್ಯಾಂಕಿನ ನಲ್ಲಿ ತಿರುಗಿಸಿದರೆ ನಾಕು ಹನಿ ಕರಿ ಎಣ್ಣೆ ಬಂತು. ಅದು ತನ್ನ ಕೆಲಸ ಶುರು ಮಾಡಿತ್ತು.

ಡಾರ್ಸಿ ಐಸ್ ಪೆಟ್ಟಿಗೆಯಿಂದ ತಣ್ಣನೆಯ ಕುರಿಮಾಂಸದ ಸ್ಯಾಂಡ್‌ವಿಚ್ ತೆಗೆದು ಅವಳ ಕೈಗೆ ತುರುಕಿದ. "ತಿನ್ನು. ಮುಖ ನೋಡ್ಕೊಂಡಿದೀಯಾ? ಹೆಣದ ಕಳೆ ಬಂದಿದೆ. ಸ್ವಲ್ಪ ನಿಮ್ಮಪ್ಪನ್ನ ನೋಡಿ ಕಲಿ, ಆ ವಯಸ್ಸಲ್ಲೂ ಎಷ್ಟು ಚುರುಕಾಗಿದಾರೆ."

ಹೇಳಿಬಿಡಬಹುದಿತ್ತು. ಅವಳು ಸ್ಯಾಂಡ್‌ವಿಚ್ ಕಚ್ಚಿ, ಹೂಂ ಅಂದಳು.

ಅವಳು ಶೆಡ್ಡಿಗೆ ಮರಳಿದಾಗ ಹೊತ್ತು ಇಳಿದಿತ್ತು. ಅಪ್ಪ ಬೆಂಚಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ರೇಡಿಯೊ ಆಫ್ ಆಗಿತ್ತು. ಅದು ಆಫ್ ಆಗಿದ್ದನ್ನು ಅವಳು ಹಗಲಿನಲ್ಲಿ ಎಂದೂ ಕಂಡಿರಲಿಲ್ಲ.

"ಕೊಡು ಇಲ್ಲಿ" ಎಂದು ಅಪ್ಪ ಕೈಚಾಚಿದ.

ಅವಳು ಜೇಬಿನಿಂದ ತುಂಡು ತೆಗೆದು ಕೊಟ್ಟಳು. ಅಪ್ಪ ಅದನ್ನು ಬೆಂಚಿನ ಮೇಲೆ ಹಾಸಿದ. ಪಕ್ಕದಲ್ಲಿ ತನ್ನ ತುಂಡನ್ನು ಇಟ್ಟು, ಹೆಬ್ಬೆರಳಿನಿಂದ ಅಂಚಿಗೆ ಅಂಚು ಕೂಡಿಸಿದ. ಒಂದು ಕಪ್ಪಗೆ, ಒಂದು ಕೆಂಪಗೆ. ಹರಿದ ಗೆರೆ ಮಾತ್ರ ಸರಿಯಾಗಿ ಕೂಡಿತು.

"ಗಂಟು ನಿಂದು. ನಾನ್ಯಾಕೆ ಬಿಚ್ದೆ?" ಅವನು ನಿಜವಾಗಿಯೂ ಅವಳನ್ನೇ ಕೇಳುತ್ತಿದ್ದ. "ಬಿಚ್ಚಿದ್ದು ನೆನಪಿದೆ. ಯಾಕೆ ಕಟ್ಟಿತ್ತು ಅನ್ನೋದೇ ಹೊಳೀಲಿಲ್ಲ ಮಗಾ. ಯಾವುದೋ ಬಟ್ಟೆ ಅಂದ್ಕೊಂಡೆ."

"ಡಾರ್ಸಿ ಚೆನ್ನಾಗಿದಾನೆ ಅಪ್ಪಾ. ಏನೂ ಆಗ್ಲಿಲ್ವಲ್ಲ."

"ಅವತ್ತು ಶಾಲೆ ಬಸ್ಸಿನ ಕೆಳಗೆ ನೀನು ಮಲಗಿದ್ದನ್ನ ಕಿಟಕೀಲಿ ನೋಡ್ದೆ. ಏನೋ ಬಿದ್ದಿರ್ಬೇಕು, ಹುಡುಕ್ತಿದಾಳೆ ಅಂದ್ಕೊಂಡೆ." ಅಪ್ಪ ತಲೆ ಎತ್ತಲಿಲ್ಲ. "ಯಾವಾಗಿಂದ ಹೀಗೆ ನನ್ನ ಹಿಂದೆ ಹಿಂದೆ ಬರ್ತಿದೀಯ?"

"ಚಳಿಗಾಲದಿಂದ."

"ಸುಸ್ತಾಗಿರ್ಬೇಕು."

ಇಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಆಗಲಿಲ್ಲ. "ತುಂಬಾ ಸುಸ್ತಾಗಿದೆ ಅಪ್ಪಾ" ಎಂದಳು. ಹೇಳಿ, ಬೆಂಚಿಗೆ ಒರಗಿ ಅತ್ತಳು. ಅಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ ಸಾಸೇಜು ಹುರಿಯುತ್ತೇನೆ, ನೀನು ಮುಖ ತೊಳೆದುಕೋ ಎಂದ. ಊಟ ಮುಗಿಯುತ್ತಲೇ ಅವಳು ತಟ್ಟೆ ಬದಿಗೆ ಸರಿಸಿ ಕೂತಲ್ಲೇ ನಿದ್ದೆ ಹೋದಳು.

ಬೆಳಿಗ್ಗೆ ಅವಳು ಶೆಡ್ಡಿಗೆ ಬರುವಷ್ಟರಲ್ಲಿ ಅಪ್ಪ ಬಾಗಿಲು ತೆಗೆದು ನೆಲ ಗುಡಿಸಿದ್ದ. ನಾಯಿಗೆ ನೀರಿಟ್ಟಿದ್ದ. ಗಾಡಿಯಡಿ ನಿಂತು ಕೆಲಸ ಮಾಡಲು ಶೆಡ್ಡಿನ ನೆಲದಲ್ಲಿ ತೋಡಿದ ಹಳ್ಳದ ಮೇಲೆ ಉಣ್ಣೆ ಸಾಗಿಸುವ ಲಾರಿಯೊಂದು ನಿಂತಿತ್ತು. ಗೋಡೆಯ ಪಕ್ಕ ಅಪ್ಪನ ಕೆಲಸದ ಸಲಕರಣೆಗಳ ಹಸಿರು ಪೆಟ್ಟಿಗೆ ಮುಚ್ಚಿತ್ತು. ಶೆಡ್ಡು ತೆರೆದಿರುವಷ್ಟು ಹೊತ್ತೂ ಅದು ಬಾಯಿ ತೆರೆದುಕೊಂಡೇ ಇರುತ್ತಿತ್ತು. ಅದರ ಹಿಡಿಗೆ ಕೆಂಪು ಬಟ್ಟೆಯ ತುಂಡು ಕಟ್ಟಿತ್ತು. ಗಂಟು ಅಪ್ಪನದು, ಎರಡು ಸುತ್ತು ಹಾಕಿ ಬಿಗಿದದ್ದು. ಲಿಯೋನಿ ಅದರ ಹತ್ತಿರ ಹೋಗಿ ನಿಂತಳು, ಮುಟ್ಟಲಿಲ್ಲ. ಕಟ್ಟಿದವರೇ ಬಿಚ್ಚಬೇಕು.

ತನ್ನ ಸ್ಪ್ಯಾನರುಗಳನ್ನು ತೆಗೆದುಕೊಂಡು ಅವಳು ಹಳ್ಳಕ್ಕೆ ಇಳಿದಳು. ಅಪ್ಪ ಹಿಂದೆಯೇ ಒಂದೊಂದೇ ಮೆಟ್ಟಿಲಿಳಿದು ಬಂದು ಪಕ್ಕದಲ್ಲಿ ನಿಂತ. ಟಾರ್ಚು ಹಚ್ಚಿದ. ಬೆಳಕು ಅತ್ತಿತ್ತ ಸರಿದು, ಅವಳು ನೋಡುತ್ತಿದ್ದ ನಟ್ಟಿನ ಮೇಲೆ ಬಂದು ನಿಂತಿತು.