ಸಿಂಕ್ ಯಾವ ಕಡೆ ಇತ್ತು

ಹಾರ್ಲನ್ ಒಂದು ಹಳೆಯ ಕ್ಯಾಂಪರನ್ನು, ಪ್ರವಾಸದಲ್ಲಿ ಮಲಗಿ ಅಡುಗೆ ಮಾಡಿಕೊಳ್ಳುವ ತಗಡಿನ ಪುಟ್ಟ ಮನೆಯನ್ನು, ಟ್ರಕ್ಕಿನ ಬೆನ್ನ ಮೇಲೆ ಹೊರಿಸಿಕೊಂಡು ಅಂಗಳಕ್ಕೆ ತಂದಾಗ ವರ್ನಾ ಮೊದಲು ಮಾಡಿದ ಕೆಲಸ ಮೂಗು ಮುಚ್ಚಿಕೊಂಡದ್ದು. ಓರೆಗನ್ನಿನ ಬೇಕರ್ ಸಿಟಿಯ ಆಚೆ, ಯಾರದೋ ದನದ ಹಟ್ಟಿಯ ಹಿಂದೆ, ಹನ್ನೊಂದು ವರ್ಷ ಅದರೊಳಗೆ ಕೋಳಿಗಳು ಸಂಸಾರ ಮಾಡಿದ್ದವು. ಒಲೆ, ಸಿಂಕ್, ಕಪಾಟು ಎಲ್ಲವನ್ನೂ ಕಿತ್ತು ಹಾಕಿ ಬರೀ ಗೂಡು ಉಳಿಸಿದ್ದರು. ಬಾಗಿಲು ತೆಗೆದರೆ ಒಂದು ಕೆಂಪು ಕೋಳಿ ಇನ್ನೂ ಒಳಗೇ ಕೂತು, ನೀವ್ಯಾರು ಎಂಬಂತೆ ನೋಡಿತು.

"ಇದಕ್ಕೆ ಆರುನೂರು ಡಾಲರ್ ಕೊಟ್ಟು ಬಂದ್ಯಾ? ಕೋಳಿ ಸೇರಿಸಿಯೋ, ಬಿಟ್ಟೋ?"

"ಕೋಳಿ ಪುಕ್ಕಟೆ. ಮೂಗು ಆಮೇಲೆ ಮುಚ್ಕೊಳ್ಳುವಂತೆ, ಬಾ ಇಲ್ಲಿ. ಇದೇನು ಗೊತ್ತಾಯ್ತಾ?"

ಚಾಲಕನ ತಲೆಯ ಮೇಲೆ ಚಾಚಿಕೊಳ್ಳುವ ಕ್ಯಾಂಪರಿನ ಮೂತಿಯಲ್ಲಿ ಸೂಪಿನ ಬಟ್ಟಲಿನಷ್ಟು ದೊಡ್ಡ ತಗ್ಗು. ವರ್ನಾ ಅದರೊಳಗೆ ಕೈ ಇಟ್ಟಳು. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಪೈನ್ ಮರದ ಕೊಂಬೆಗೆ ಹಾರ್ಲನ್ ಗುದ್ದಿಸಿದ್ದು. ಹಾಗಾದರೆ ಇದು ಅದೇ. ಮದುವೆಯಾದ ವರ್ಷ ಕೊಂಡು, ಒಂಬತ್ತು ಬೇಸಿಗೆ ಸುತ್ತಾಡಿ, ಬಳಿಕ ಮಾರಿದ್ದ ತಮ್ಮದೇ ಕ್ಯಾಂಪರ್. ಮಾರಿ ಇಪ್ಪತ್ತೆಂಟು ವರ್ಷವಾಗಿತ್ತು.

ಮರುದಿನವೇ ಅದನ್ನು ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ, ಅಡಿಯಿಂದ ಟ್ರಕ್ಕನ್ನು ಹೊರಗೆ ಓಡಿಸಿ, ಇಬ್ಬರೂ ಕೆಲಸಕ್ಕೆ ನಿಂತರು. ಹೊರಗಿನ ಅಲ್ಯುಮಿನಿಯಂ ತಗಡು ಬಿಚ್ಚಿದರು. ಒಳಗಿನ ಮರವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ವರ್ನಾಳ ಪಾಲು. ಬೆರಳು ಒಳಗೆ ಹೋದರೆ ಆ ಮರ ಕಿತ್ತು ಹೊಸದು, ಹೋಗದಿದ್ದರೆ ಅದು ಉಳಿಯಿತು. ಮೂರು ವಾರದಲ್ಲಿ ಉಳಿದದ್ದಕ್ಕಿಂತ ಹೋದದ್ದೇ ಹೆಚ್ಚಾಯಿತು.

"ಎಲ್ಲಾ ಮೊದಲಿನ ಥರಾನೇ ಆಗ್ಬೇಕು," ಎಂದ ಹಾರ್ಲನ್. "ಸಿಂಕ್ ಯಾವ ಕಡೆ ಇತ್ತು?"

"ನಿನಗೆ ಗೊತ್ತಿಲ್ವಾ?"

"ನಾನು ಗಾಡಿ ಓಡಿಸ್ದೋನು. ಪಾತ್ರೆ ತೊಳೆದೋಳು ನೀನು."

ಫೋಟೋ ಹುಡುಕಿದರು. ಎಲ್ಲದರಲ್ಲೂ ಮೀನು. ಹಾರ್ಲನ್ ಮೀನು ಎತ್ತಿ ಹಿಡಿದದ್ದು, ವರ್ನಾ ಮೀನು ಎತ್ತಿ ಹಿಡಿದದ್ದು, ಹಿಂದೆ ಕ್ಯಾಂಪರಿನ ಮುಚ್ಚಿದ ಬಾಗಿಲು. ಒಳಗಿನದು ಒಂದೂ ಇಲ್ಲ.

ಆದರೆ ವರ್ನಾಳಿಗೆ ಫೋಟೋ ಬೇಕಿರಲಿಲ್ಲ. "ಎಡಗಡೆ. ಬಾಗಿಲಿಂದ ಒಳಗೆ ಹೋದ್ರೆ ಎಡಗಡೆ. ಮೇಲೆ ಕಿಟಕಿ," ಎಂದಳು.

ಅವಳ ಹತ್ತಿರ ಒಂದು ಬೆಳಿಗ್ಗೆ ಇತ್ತು. ಬೆಟ್ಟದ ಮೇಲಿನ ಆಂಥನಿ ಕೆರೆಯ ದಂಡೆ. ಅವಳು ಸಿಂಕಿನ ಮುಂದೆ ನಿಂತು ಆಲೂಗಡ್ಡೆ ತೊಳೆಯುತ್ತಿದ್ದಾಳೆ. ಕಿಟಕಿಯಾಚೆ ಒಂದು ದೊಡ್ಡ ಕಡವೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಇವಳನ್ನೇ ನೋಡುತ್ತಿದೆ. ಹಿಂದಿನಿಂದ ಗಂಡ ಬಂದು ಅವಳ ನೆತ್ತಿಯ ಮೇಲೆ ತನ್ನ ಗಲ್ಲ ಇಟ್ಟು, ಬಾಯಿ ತೆರೆಯದೆ ಏನೋ ರಾಗ ಗುನುಗುತ್ತಾನೆ. ಅಷ್ಟೇ. ಹಾರ್ಲನ್ ಮಾತು ಕಡಿಮೆಯ ಮನುಷ್ಯ. ತಾನು ದುಡಿಯುತ್ತಿದ್ದ ಮರದ ಮಿಲ್ಲು ಮುಚ್ಚಿದ ವರ್ಷ ತಿಂಗಳುಗಟ್ಟಲೆ ಗೋಡೆಯಂತೆ ಕೂತಿದ್ದ. ಹತ್ತಿರ ಹತ್ತಿರ ನಲವತ್ತು ವರ್ಷದ ಸಂಸಾರದಲ್ಲಿ ವರ್ನಾ ಬಿಟ್ಟು ಹೋಗಲೆಂದು ಎರಡು ಸಲ ಪೆಟ್ಟಿಗೆ ಕಟ್ಟಿದ್ದಳು. ಎರಡು ಸಲವೂ ಆ ಬೆಳಿಗ್ಗೆ ನೆನಪಾಗಿ, ಇಂಥದ್ದೊಂದು ಇವನೊಳಗೆ ಇದೆಯಲ್ಲ ಎಂದುಕೊಂಡು ಪೆಟ್ಟಿಗೆ ಬಿಚ್ಚಿದ್ದಳು.

ಹಾರ್ಲನ್ ಎಡಗಡೆ ಸಿಂಕಿಗೆ ಚೌಕಟ್ಟು ಹೊಡೆದ. ಆಮೇಲೆ ಬಲಗಡೆಯ ಕೊನೆಯ ಹಲಗೆ ಕಿತ್ತಾಗ ಅವನ ಕೈ ನಿಂತಿತು.

"ವರ್ನಾ, ಇಲ್ಲಿ ಬಾ."

ಬಲಗಡೆಯ ನೆಲದಲ್ಲಿ ದುಂಡನೆಯ ತೂತು. ಕೋಳಿಗೆ ಮುಂಗುಸಿಯಂಥ ಪ್ರಾಣಿ ಬಾಯಿ ಹಾಕದಿರಲೆಂದು ಯಾರೋ ಕಾಫಿ ಡಬ್ಬಿಯ ತಗಡು ಬಡಿದು ಮುಚ್ಚಿದ್ದರು. ತೂತಿನ ಸುತ್ತ ನೀರಿನ ಕೊಳವೆಯ ಹಳೆಯ ತುಕ್ಕು ಬಳೆಯಂತೆ ಉಳಿದಿತ್ತು. ಎಡಗಡೆಯ ಹಳೆಯ ನೆಲದಲ್ಲಿ ಸೂಜಿ ತೂರುವಷ್ಟೂ ತೂತಿರಲಿಲ್ಲ.

"ಅಂದ್ರೆ ಇದು ನಮ್ದಲ್ಲ," ಎಂದಳು ವರ್ನಾ.

"ಮೂತಿ ಮೇಲಿನ ಗುದ್ದು?"

"ಓರೆಗನ್ನಿನಲ್ಲಿ ಮರಕ್ಕೆ ಗುದ್ದಿದೋನು ನೀನೊಬ್ಬನೇನಾ?"

"ಅಷ್ಟು ಚೆನ್ನಾಗಿ ಗುದ್ದಿದೋನು ನಾನೊಬ್ಬನೇ." ಅವನು ನಕ್ಕ. ಅವಳು ನಗಲಿಲ್ಲವೆಂದು ಅವನ ನಗುವೂ ನಿಂತಿತು. "ಏನಾಯ್ತೇ? ನಿನಗೆ ಎಡಗಡೆ ಬೇಕಾದ್ರೆ ಎಡಗಡೆನೇ ಕೊರೀತೀನಿ. ಮಧ್ಯಾಹ್ನದೊಳಗೆ ಹೇಳು. ಕೊಳವೆ ಕೂತ ಮೇಲೆ ತಗಡು ಮುಚ್ಬೇಕು."

ವರ್ನಾ ಮನೆಯೊಳಗೆ ಹೋಗಿ ಅಕ್ಕ ಆರ್ಡಿತ್‌ಗೆ ಫೋನ್ ಮಾಡಿದಳು. ಎಂಬತ್ತರ ಹತ್ತಿರದ ಆರ್ಡಿತ್‌ಗೆ ನಿನ್ನೆಯ ಊಟ ಮರೆಯುತ್ತಿತ್ತು, ಹಳೆಯದು ಒಂದೂ ಮರೆಯುತ್ತಿರಲಿಲ್ಲ.

"ಎಡಗಡೆ ಸಿಂಕಾ? ಅದು ವೆಂಡೆಲ್ ಗಾಡಿ ಕಣೇ. ನಾನು ಒಂದು ವಾರ ಅದ್ರಲ್ಲಿ ಮಲಗಿ, ದಿನಾ ಬೆಳಿಗ್ಗೆ ಏಳುವಾಗ ಅದಕ್ಕೇ ಹಣೆ ಬಡ್ಕೊಂಡಿದ್ದೆ."

ವೆಂಡೆಲ್ ಎಂದರೆ ವರ್ನಾಳ ಮೊದಲ ಗಂಡ. ಹದಿನೆಂಟು ತಿಂಗಳು ಜೊತೆಗಿದ್ದು, ಒಂದು ದಿನ ಕ್ಯಾಂಪರ್ ಸಮೇತ ನೆವಾಡಾ ಕಡೆಗೆ ಹೋದವನು ಹೋದ.

ವರ್ನಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದಳು. "ಅಕ್ಕಾ, ವೆಂಡೆಲ್ ಹಾಡು ಗುನುಗ್ತಿದ್ನಾ?"

"ಗುನುಗದೆ ಇದ್ದದ್ದು ಯಾವಾಗ ಅಂತ ಕೇಳು. ಯಾಕೇ, ಈಗ ಅವನ ನೆನಪು?"

"ಸಿಂಕ್ ವಿಷಯಕ್ಕೆ."

"ನೆಟ್ಟಗಿರೋ ಗಂಡನ್ನ ಇಟ್ಕೊಂಡು ಸಿಂಕ್ ವಿಷಯಕ್ಕೆ ವೆಂಡೆಲ್ ನೆನಪಾ! ಆ ಗಿಡ್ಡ ನನ್ಮಗಂದು!"

ಫೋನಿಟ್ಟು ವರ್ನಾ ಅಡುಗೆಮನೆಯ ಕುರ್ಚಿಯ ಮೇಲೆ ಕೂತುಬಿಟ್ಟಳು. ಸಿಂಕ್ ವೆಂಡೆಲನದು. ಗುನುಗು ವೆಂಡೆಲನದು. ಹಾಗಾದರೆ ಪೆಟ್ಟಿಗೆ ಬಿಚ್ಚಿಸಿದ್ದೂ ವೆಂಡೆಲನೇ? ಬಿಟ್ಟು ಹೋದವನ ಒಂದು ಬೆಳಿಗ್ಗೆಯನ್ನು ಹಿಡಿದುಕೊಂಡು, ಇದ್ದವನ ಜೊತೆ ಇಷ್ಟು ವರ್ಷ ಇದ್ದೆನೇ? ಆಮೇಲೆ ಅಕ್ಕನ ಕೊನೆಯ ಮಾತು ತಲೆಗೆ ಇಳಿಯಿತು. ಗಿಡ್ಡ. ವೆಂಡೆಲ್ ಅವಳಷ್ಟೇ ಎತ್ತರ. ಅವಳ ನೆತ್ತಿಯ ಮೇಲೆ ಗಲ್ಲ ಇಡಬೇಕಾದರೆ ಅವನು ಸ್ಟೂಲು ಹತ್ತಬೇಕಿತ್ತು. ಗಲ್ಲ ಹಾರ್ಲನ್‌ನದೇ, ಆರಡಿಯ ಗಂಡಸಿನದು. ಹಾಗಾದರೆ ಕಡವೆ ಯಾರದು? ಆಲೂಗಡ್ಡೆ ತೊಳೆದದ್ದು ಎಲ್ಲಿ? ಕೋಳಿ ಕೆದಕಿದ ಕಸದಂತೆ ಎಲ್ಲವೂ ಕಲಸಿ ಹೋಯಿತು.

ಅವಳು ಅಂಗಳಕ್ಕೆ ಬಂದಾಗ ಹಾರ್ಲನ್ ಡ್ರಿಲ್ ಹಿಡಿದು ಕ್ಯಾಂಪರಿನ ಮೆಟ್ಟಿಲ ಮೇಲೆ ಕಾಯುತ್ತಿದ್ದ.

"ಎಡಗಡೆಯೋ, ಬಲಗಡೆಯೋ?"

"ಹಾರ್ಲನ್, ನೀನು ಯಾವತ್ತಾದ್ರೂ ಗುನುಗಿದ್ದೀಯಾ?"

"ನಾನಾ? ನಾನು ಗುನುಗಿದ್ರೆ ಈ ಕೋಳಿ ಮೊಟ್ಟೆ ಇಡೋದು ಬಿಡುತ್ತೆ."

"ಸಿಂಕನ್ನ ಬಲಗಡೆ ಇಡು. ಕೊರೀಬೇಡ, ಸುಮ್ನೆ ಇಡು."

ಅವನು ಒಳಗೆ ಬಲಗಡೆ ಒಂದು ಪೆಟ್ಟಿಗೆಯ ಮೇಲೆ, ಕೊಂಡು ತಂದಿದ್ದ ಸಿಂಕನ್ನು ಇಟ್ಟ. ವರ್ನಾ ಅದರ ಮುಂದೆ ನಿಂತಳು. ಗಾಜಿಲ್ಲದ ಕಿಟಕಿಯಾಚೆ ಕೆರೆ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಷೆಡ್ಡು, ಹಳೆ ಟೈರುಗಳ ರಾಶಿ, ಟೈರಿನ ಮೇಲೆ ಕೆಂಪು ಕೋಳಿ.

"ಈಗ ನನ್ನ ಹಿಂದೆ ಬಾ. ನಿನ್ನ ಗಲ್ಲ ನನ್ನ ತಲೆ ಮೇಲಿಡು."

"ಹುಷಾರಾಗಿದ್ದೀಯಾ, ಮುದುಕಿ?"

"ಇಡು ಅಂದ್ರೆ ಇಡು."

ಇಟ್ಟ. ಕುರುಚಲು ಗಡ್ಡ ಚುಚ್ಚಿತು. ಅವನ ಶರಟಿನಿಂದ ಮರದ ಹೊಟ್ಟು ಅವಳ ಹೆಗಲ ಮೇಲೆ ಉದುರಿತು. ವರ್ನಾ ಕಣ್ಣು ಮುಚ್ಚಿ ಹುಡುಕಿದಳು. ಭಾರ ಅದೇ ಎನ್ನಿಸಿತು. ಮರುಕ್ಷಣ, ಅಲ್ಲವೇನೋ ಎನ್ನಿಸಿತು.

"ಎಷ್ಟೊತ್ತು ಹಿಂಗೆ ನಿಂತ್ಕೊಬೇಕು? ಸೊಂಟ ನೋಯ್ತಿದೆ," ಎಂದ ಅವನು. ಮಾತಾಡಿದಾಗ ಗಲ್ಲ ಅಲುಗಿ ಅವಳ ತಲೆಯೂ ಅಲುಗಿತು. "ಮುಂಚೆನೂ ಹಿಂಗೆ ಮಾಡಿದ್ವಿ, ಅಲ್ವಾ? ಕೆರೆ ಹತ್ರ. ಕಡವೆ ಬಂದಿತ್ತು," ಎಂದ.

ವರ್ನಾಳ ಕೈ ಸಿಂಕಿನ ಅಂಚನ್ನು ಬಿಗಿಯಾಗಿ ಹಿಡಿಯಿತು. "ನಿನಗೆ ನೆನಪಿದೆಯಾ?"

"ಇದೆ." ಗಲ್ಲ ಮತ್ತೆ ಅಲುಗಿತು. "ಇದೆಯೋ, ಇಲ್ಲ ನೀನು ಸಾವಿರ ಸಲ ಹೇಳಿ ಹೇಳಿ ನನಗೂ ಕಂಡ ಹಾಗಾಗಿದೆಯೋ. ಈಗ ಕೇಳಿದ್ರೆ ನನಗೂ ಗೊತ್ತಾಗ್ತಿಲ್ಲ ಕಣೇ."

ಕಿಟಕಿಯಾಚೆ ಕೋಳಿ ಟೈರಿನಿಂದ ಇಳಿದು, ನೆಟ್ಟಗೆ ಕ್ಯಾಂಪರಿನ ಕಡೆಗೇ ನಡೆದು ಬರುತ್ತಿತ್ತು. ವರ್ನಾ ಅದನ್ನು ಚೆನ್ನಾಗಿ ನೋಡಿಟ್ಟುಕೊಂಡಳು: ಕೆಂಪು ಕೋಳಿ, ಕಪ್ಪು ಟೈರು, ನೆತ್ತಿಯ ಮೇಲೆ ಚುಚ್ಚುವ ಗಡ್ಡ, ಬಲಗಡೆ.

"ಬಲಗಡೆನೇ ಕೊರಿ," ಎಂದಳು.

"ಖಂಡಿತಾ ತಾನೆ? ಆಮೇಲೆ ಎಡಗಡೆ ಅನ್ಬಾರ್ದು."

"ಖಂಡಿತಾ ಅಂತ ಹೇಳೋಕಾಗಲ್ಲ. ಆದ್ರೂ ಬಲಗಡೆ. ಈಗ್ಲೇ ಅಲ್ಲ, ಇನ್ನೊಂದು ಸ್ವಲ್ಪ ಹೊತ್ತು ಹಂಗೇ ನಿಂತಿರು."